ಐನೂರು ಬಾತ್ ಜಗಳ

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಯಜಮಾನರ ಕೆಲಸದಿಂದಾಗಿ ನಾಲ್ಕು ವರ್ಷದಿಂದ ಬ್ಯಾಂಕಾಕ್‌ನಲ್ಲಿದ್ದೇವೆ. ಇಲ್ಲಿ ಎಲ್ಲಿ ಹೋದರೂ ಸ್ಥಳೀಯರಿಗೊಂದು ರೇಟು, ನಮಗೊಂದು ರೇಟು. ಇವರು ಪ್ರತಿ ಕೌಂಟರಿನಲ್ಲೂ ಜಗಳಕ್ಕೆ ನಿಲ್ಲುತ್ತಾರೆ. ಮನೆ ಮಾಲೀಕರು ಕರೆಂಟಿಗೆ ಯೂನಿಟ್ಟಿಗೆ 8 ಬಾತ್ (ಬಾತ್ ಅಂದರೆ ಇಲ್ಲಿಯ ದುಡ್ಡು) ಹಾಕುತ್ತಾರೆ ಅಂತ ಅದಕ್ಕೂ ರಂಪ. "ಹೋಗ್ಲಿ ಬಿಡಿ" ಅಂದರೆ ಕ್ಯೂನಲ್ಲೇ "ನಿನಗೆ ಸ್ವಾಭಿಮಾನ ಇಲ್ಲ" ಅಂತಾರೆ. ಮಾವಿನ ಸುಗ್ಗಿ ಮುಗಿದ ಮೇಲೆ ಅತ್ತೆ ಮಾವ ಬರುತ್ತಿದ್ದಾರೆ. ಅವರೆದುರು ಈ ರಾಮಾಯಣ ಬೇಡ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಯಜಮಾನರ ಪರವಾಗಿ ಒಂದು ಮಾತು. ಅವರ ಸಿಟ್ಟಿಗೆ ಕಾರಣ ಇದೆ. ಖಾವೊ ಯೈ ಕಾಡಿನ ಗೇಟಿನಲ್ಲಿ ಥಾಯ್ ಜನರಿಗೆ 40 ಬಾತ್, ಹೊರಗಿನವರಿಗೆ 400 ಅಂತ ವರ್ಷಗಟ್ಟಲೆ ನಡೆದಿದೆ. ಇಂಥ ಕಡೆ ಎಷ್ಟೋ ಬೋರ್ಡುಗಳಲ್ಲಿ ಸ್ಥಳೀಯರ ದರ ಥಾಯ್ ಅಂಕಿಯಲ್ಲಿರುತ್ತೆ, ವಿದೇಶಿಯರ ದರ ಮಾತ್ರ ಎಲ್ಲರೂ ಓದುವ ಅಂಕಿಯಲ್ಲಿ. ಪ್ರವಾಸಕ್ಕೆ ಬಂದವರಿಗೆ ಅದು ಗೊತ್ತೇ ಆಗಲ್ಲ. ಅಲ್ಲೇ ದುಡಿದು, ತೆರಿಗೆ ಕಟ್ಟಿ, ಆ ಅಂಕಿ ಓದೋಕೆ ಕಲಿತವರಿಗೆ ಮೈ ಉರಿಯುತ್ತೆ. "ಇಷ್ಟು ವರ್ಷ ಆದ್ಮೇಲೂ ನಾನು ಹೊರಗಿನವನೇ" ಅನ್ನೋದು ದುಡ್ಡಿಗಿಂತ ಜಾಸ್ತಿ ಚುಚ್ಚುತ್ತೆ.

ಈ ವಿಷಯದಲ್ಲಿ ನಾವೇನೂ ಕಮ್ಮಿ ಇಲ್ಲ ಬಿಡಿ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ತಮಾಷೆ ಅಂದರೆ, ಭಾರತವೂ ಇರುವ ಬಿಮ್‌ಸ್ಟೆಕ್ ದೇಶಗಳ ಒಕ್ಕೂಟದಲ್ಲಿ ಥಾಯ್ಲೆಂಡ್ ಕೂಡ ಇರುವುದರಿಂದ ಅಲ್ಲಿಯವರು ಹಂಪಿಯಲ್ಲಿ ನಮ್ಮಷ್ಟೇ ಕೊಡುತ್ತಾರೆ. (ಇದನ್ನು ಯಜಮಾನರಿಗೆ ಸದ್ಯಕ್ಕೆ ಹೇಳಬೇಡಿ.) ಅಷ್ಟೇಕೆ, ನಮ್ಮ ಕೋಲಾರದ ರಸ್ತೆ ಬದಿಯಲ್ಲಿ ಬೆಂಗಳೂರಿನ ಕಾರು ನಿಂತರೆ ಮಾವಿನ ರೇಟು ಏರಲ್ವಾ? ಮಾವನವರನ್ನು ಕೇಳಿ, ನಕ್ಕಾರು.

ಬೋರ್ಡಿನ ದರವನ್ನು ಕೌಂಟರಿನಲ್ಲಿ ಕೂತ ಹುಡುಗಿ ಬದಲಾಯಿಸೋಕಾಗಲ್ಲ. ಥಾಯ್ ಡ್ರೈವಿಂಗ್ ಲೈಸೆನ್ಸೋ ವರ್ಕ್ ಪರ್ಮಿಟ್ಟೋ ತೋರಿಸಿದರೆ ಕೆಲವು ಕಡೆ ಸ್ಥಳೀಯರ ದರ ಸಿಗುತ್ತೆ. ಕೊಡಲೇಬೇಕು ಅಂತೇನಿಲ್ಲ, ಅಲ್ಲಿರೋರ ಮನಸ್ಸು. ನಗುತ್ತಾ ಒಮ್ಮೆ ಕೇಳಲಿ. ಆಗಲ್ಲ ಅಂದರೆ ದುಡ್ಡು ಕೊಟ್ಟು ಒಳಗೆ ಹೋಗಲಿ, ಇಲ್ಲಾಂದ್ರೆ ವಾಪಸ್ ಬರಲಿ.

ಜಗಳ ಆಡಲೇಬೇಕು ಅಂದರೆ ಕರೆಂಟ್ ಬಿಲ್ಲಿಗೆ ಆಡಲಿ, ಅಲ್ಲಿ ಗೆಲ್ಲೋ ದಾರಿ ಇದೆ. ಈ ಕಾಟ ವಿದೇಶಿಯರಿಗೆ ಮಾತ್ರ ಅಲ್ಲ, ಥಾಯ್ ಬಾಡಿಗೆದಾರರಿಗೂ ಇದೆ. ಪಕ್ಕದ ಮನೆಯವರನ್ನು ಕೇಳಿ ನೋಡಿ. ಹಲವು ಮನೆಗಳನ್ನು ಬಾಡಿಗೆಗೆ ಕೊಡುವ ಮಾಲೀಕರು ಸರ್ಕಾರಿ ದರಕ್ಕಿಂತ ಜಾಸ್ತಿ ವಸೂಲಿ ಮಾಡಬಾರದು ಅಂತ 2018ರಲ್ಲೇ ಅಲ್ಲಿ ನಿಯಮ ಬಂತು. ನಿಮ್ಮ ಮಾಲೀಕರಿಗೆ ಅದು ಅನ್ವಯಿಸುತ್ತಾ ಅಂತ ಗ್ರಾಹಕ ರಕ್ಷಣಾ ಕಚೇರಿಯ 1166ಕ್ಕೆ ಫೋನ್ ಮಾಡಿ ಕೇಳಿ. ಕರಾರು ಪತ್ರ, ಹಳೇ ಬಿಲ್ಲು ಕೈಯಲ್ಲಿರಲಿ.

ಇನ್ನು ಸ್ವಾಭಿಮಾನದ ಮಾತು. ನಿಮ್ಮ ಪತ್ರದಲ್ಲಿ ನನಗೆ ಬೇಜಾರಾಗಿದ್ದು ಅದೊಂದೇ. ಯಾರ ಮೇಲಿನ ಸಿಟ್ಟನ್ನೋ ಅವರು ನಿಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಇದನ್ನು ಮಾತ್ರ "ಹೋಗ್ಲಿ" ಅಂತ ಬಿಡಬೇಡಿ. ಊಟ ಆಗಿ ಸಮಾಧಾನವಾಗಿ ಕೂತಿದ್ದಾಗ ಹೇಳಿ: "ರೇಟು ಅನ್ಯಾಯ ಅಂತ ನಂಗೂ ಗೊತ್ತು. ಆದ್ರೆ ನಾಲ್ಕು ಜನರ ಮುಂದೆ ನನ್ನನ್ನ ಹಾಗೆ ಅಂದಿದ್ದು ನಂಗೆ ಅದಕ್ಕಿಂತ ದೊಡ್ಡ ಅವಮಾನ." ಅಷ್ಟು ಹೇಳಿ ಸುಮ್ಮನಾಗಿ. ಹಳೇ ಲೆಕ್ಕ ತೆಗೀಬೇಡಿ.

ಅತ್ತೆ ಮಾವ ಬಂದಾಗ ಲುಂಪಿನಿ ಪಾರ್ಕು, ಎರವಾನ್‌ನ ನಾಲ್ಕು ಮುಖದ ಬ್ರಹ್ಮ, ಸಿಲೋಮ್‌ನ ಮಾರಿಯಮ್ಮನ ಗುಡಿ ತೋರಿಸಿ. ಅಲ್ಲೆಲ್ಲ ಟಿಕೆಟ್ಟಿನ ಗೊಡವೆಯೇ ಇಲ್ಲ. ಗ್ರ್ಯಾಂಡ್ ಪ್ಯಾಲೇಸ್ ಥಾಯ್ ಜನರಿಗೆ ಫ್ರೀ, ನಿಮಗೆ ತಲೆಗೆ 500 ಬಾತ್. ನಾಲ್ವರ ಟಿಕೆಟ್ಟನ್ನು ನೀವೇ ಆನ್‌ಲೈನ್‌ನಲ್ಲಿ ತೆಗೆದಿಡಿ, ಯಜಮಾನರು ಕೌಂಟರಿನ ಮುಂದೆ ನಿಲ್ಲೋ ಪ್ರಮೇಯವೇ ಬರಲ್ಲ. ಚಡ್ಡಿ ಹಾಕಿಕೊಂಡವರನ್ನು ಅಲ್ಲಿ ಒಳಗೆ ಬಿಡಲ್ಲ, ಮಾವನವರಿಗೆ ಮೊದಲೇ ಹೇಳಿಬಿಡಿ.