ರಫ್ತು ಕೆಲಸದಲ್ಲಿ ಅದೇ ಓದು, ಅದೇ ಅನುಭವ ಇದ್ದರೂ ಸಂಬಳ ಇಷ್ಟೊಂದು ಬೇರೆ ಬೇರೆ ಯಾಕೆ?

ತುಮಕೂರಿನ ಮಿಡಿಸೌತೆ (ಗರ್ಕಿನ್) ರಫ್ತು ಕಂಪನಿಯಲ್ಲಿ ಡಾಕ್ಯುಮೆಂಟೇಷನ್ ಕೆಲಸ, ಕೈಗೆ 19 ಸಾವಿರ. ಜೊತೆಗೆ ಬಿ.ಕಾಂ. ಓದಿದ ಗೆಳೆಯನಿಗೆ ಬೆಂಗಳೂರಿನ ಫಾರ್ವರ್ಡಿಂಗ್ (ಬೇರೆಯವರ ಮಾಲು ಸಾಗಿಸುವ ವ್ಯವಸ್ಥೆ ಮಾಡುವ) ಕಂಪನಿಯಲ್ಲಿ 27 ಸಾವಿರ. ಒಂದು ಡಿಪ್ಲೊಮಾ ಮಾಡಿಕೊಂಡು ನಾನೂ ಬೆಂಗಳೂರಿಗೆ ಹೋಗಲಾ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೂ ಇದೇ ಊರಲ್ಲಿ, ಇದೇ ಕೆಲಸದಲ್ಲಿ. ಬೆಂಗಳೂರಿನ ಗೆಳೆಯನೊಬ್ಬ ನನಗೂ ಇದ್ದ.

ನಾನು ಸೇರಿದ್ದು 11 ಸಾವಿರಕ್ಕೆ. ಫ್ಯಾಕ್ಟರಿ ಇದ್ದದ್ದು ಕುಣಿಗಲ್ ಕಡೆ. ಹಳ್ಳಿಗಳಿಂದ ಕ್ರೇಟುಗಳಲ್ಲಿ ಕಾಯಿ ಬರುತ್ತಿತ್ತು, ಹೆಂಗಸರು ಕೂತು ಗ್ರೇಡಿಂಗ್ ಮಾಡುತ್ತಿದ್ದರು. ಕೆ.ಜಿ.ಗೆ 160ಕ್ಕಿಂತ ಜಾಸ್ತಿ ಕಾಯಿ ತೂಗಿದರೆ ಒಳ್ಳೆ ರೇಟು. ಕಾಯಿ ದಪ್ಪ ಆದಷ್ಟೂ ರೇಟು ಇಳಿಯುತ್ತದೆ. ಆಮೇಲೆ ಡ್ರಮ್ಮಿಗೆ ತುಂಬಿ, ಕಂಟೇನರ್‌ಗೆ ಹಾಕಿ, ಸೀಲ್ ಒತ್ತಿ ಚೆನ್ನೈಗೆ ಕಳಿಸುವುದು. ನನ್ನ ಪಾಲಿಗೆ ಬಂದದ್ದು ಕಾಗದ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಕಾಗದ) ಚೆಕ್‌ಲಿಸ್ಟ್, ಬಿಎಲ್ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಡ್ರಾಫ್ಟ್, ಸರ್ಟಿಫಿಕೇಟ್ ಆಫ್ ಒರಿಜಿನ್. ಹಳೆ ಫೈಲ್ ತೆಗೆದು ಹೆಸರು, ನಂಬರ್, ದಿನಾಂಕ ಬದಲಾಯಿಸಿ ಹೊಸದು ಮಾಡುತ್ತಿದ್ದೆ. ವೇಗವಾಗಿ ಮಾಡುತ್ತಿದ್ದೆ, ಟೈಪಿಂಗ್ ತಪ್ಪು ಇರುತ್ತಿರಲಿಲ್ಲ. ಅದಕ್ಕೇ ಸಂಬಳ ಜಾಸ್ತಿ ಆಗಬೇಕು ಅಂತ ಪ್ರತಿ ಏಪ್ರಿಲ್‌ನಲ್ಲೂ ಕಾಯುತ್ತಿದ್ದೆ.

ನನಗೆ ಹೊಡೆತ ಕೊಟ್ಟದ್ದು ಒಂದು ಎಲ್‌ಸಿ. ಇದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇದರಲ್ಲಿ.

ನಮ್ಮ ಹಳೆ ಗ್ರಾಹಕರೆಲ್ಲ ನಂಬಿಕೆಯ ಮೇಲೆ ಹಣ ಕಳಿಸುತ್ತಿದ್ದರು. ಆ ಸಲ ಯುರೋಪಿನ ಹೊಸ ಪಾರ್ಟಿ, ಎರಡು ಕಂಟೇನರ್ ಆರ್ಡರ್, ಎಲ್‌ಸಿ ಮೇಲೆ ವ್ಯವಹಾರ. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಅಂದರೆ ಕೊಳ್ಳುವವನ ಬ್ಯಾಂಕು ಕೊಡುವ ಮಾತು: ನಾವು ಬರೆದ ಷರತ್ತಿಗೆ ಸರಿಯಾಗಿ ಕಾಗದ ಕೊಡಿ, ಹಣ ನಾವು ಕೊಡುತ್ತೇವೆ. ಇದಕ್ಕೆ ಜಗತ್ತಿನ ಬಹುತೇಕ ಬ್ಯಾಂಕುಗಳು ಒಪ್ಪಿಕೊಂಡಿರುವ ನಿಯಮಗಳಿವೆ, ಯುಸಿಪಿ 600 ಅಂತ. 2007ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬ್ಯಾಂಕು ನೋಡುವುದು ಕಾಗದ ಮಾತ್ರ. ಡ್ರಮ್ಮಿನ ಮುಚ್ಚಳ ಅದು ತೆಗೆಯುವುದಿಲ್ಲ. ಕಾಯಿ ಎಷ್ಟೇ ಚೆನ್ನಾಗಿರಲಿ, ಕಾಗದದಲ್ಲಿ ಒಂದು ದಿನಾಂಕ ತಪ್ಪಿದರೆ ಬ್ಯಾಂಕು ಹಣ ತಡೆಯಬಹುದು.

ಎಲ್‌ಸಿ ಬಂದ ದಿನ ಸಾರ್ ನನಗೆ ಮೇಲ್ ಕಳಿಸಿದರು. ನಾನು ಮೊತ್ತ ನೋಡಿದೆ, ಪಾರ್ಟಿ ಹೆಸರು ನೋಡಿದೆ, ಬಂದರು ನೋಡಿದೆ, ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ. ನಾನು ಓದದೆ ಬಿಟ್ಟದ್ದು ಎರಡು ಕಡೆ. 44ಸಿ ಅಂತ ಒಂದು ಸಾಲು ಇರುತ್ತದೆ, ಮಾಲು ಹಡಗು ಏರಬೇಕಾದ ಕೊನೆಯ ದಿನ. 43ಪಿ ಅಂತ ಇನ್ನೊಂದು, ಮಾಲನ್ನು ಭಾಗ ಭಾಗವಾಗಿ ಕಳಿಸಬಹುದೋ ಇಲ್ಲವೋ ಅಂತ ಹೇಳುವುದು. ನಮ್ಮದರಲ್ಲಿ ಕಳಿಸಬಾರದು ಅಂತ ಇತ್ತು.

ಚೆನ್ನೈನಲ್ಲಿ ಆಗ ಮಳೆಗಾಲ. ನಮ್ಮ ಎರಡೂ ಕಂಟೇನರ್ ಕೊನೆಯ ದಿನಕ್ಕೆ ಮುಂಚೆಯೇ ಬಂದರಿನ ಗೇಟು ದಾಟಿದ್ದವು. ಒಂದು ಹಡಗು ಏರಿತು. ಇನ್ನೊಂದು ಏರಲಿಲ್ಲ. ಸಿಎಚ್‌ಎ, ಅಂದರೆ ನಮ್ಮ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಏಜೆಂಟ್ ಕಡೆ ಹುಡುಗ ಫೋನ್ ಮಾಡಿ, "ಒಂದು ಬಾಕ್ಸ್ ರೋಲ್ ಆಗಿದೆ ಸಾರ್, ಮುಂದಿನ ವೆಸೆಲ್‌ಗೆ ಹಾಕಿಸ್ತೀನಿ" ಅಂದ. ಸರಿ ಅಂದೆ. ರಿಜಿಸ್ಟರಿನಲ್ಲಿ ಬರೆದುಕೊಂಡೆ. ಮಾಲು ಬಂದರು ಸೇರಿದ ದಿನವೇ ಕಳಿಸಿದ ದಿನ ಅಂತ ನನ್ನ ಲೆಕ್ಕ.

ಅದೇ ತಪ್ಪು. ಬ್ಯಾಂಕಿಗೆ ಕಳಿಸಿದ ದಿನ ಅಂದರೆ ಮಾಲು ಹಡಗಿನ ಮೇಲೆ ಏರಿದ ದಿನ. ಬಿಎಲ್ ಮೇಲೆ "ಆನ್ ಬೋರ್ಡ್" ಅಂತ ಮುದ್ರೆ ಒತ್ತಿ ಬರೆಯುತ್ತಾರಲ್ಲ, ಆ ದಿನಾಂಕ. ಫ್ಯಾಕ್ಟರಿ ಬಿಟ್ಟ ದಿನ ಅಲ್ಲ, ಶಿಪ್ಪಿಂಗ್ ಬಿಲ್ ದಿನ ಅಲ್ಲ, ಗೇಟು ದಾಟಿದ ದಿನವೂ ಅಲ್ಲ. ನಮ್ಮ ಎರಡನೇ ಕಂಟೇನರ್ ಏರುವ ಹೊತ್ತಿಗೆ 44ಸಿ ಮುಗಿದಿತ್ತು. ಅದರ ಮೇಲೆ ಎರಡು ಕಂಟೇನರ್ ಎರಡು ಬೇರೆ ಹಡಗಲ್ಲಿ ಹೋದದ್ದರಿಂದ ಅದು ಭಾಗ ಸಾಗಣೆಯೂ ಆಯಿತು. ಒಂದೇ ದಿನ ಒಂದೇ ಊರಿಗೆ ಹೊರಟರೂ ಹಡಗು ಎರಡಾದರೆ ನಿಯಮದ ಪ್ರಕಾರ ಭಾಗ ಸಾಗಣೆಯೇ. ಒಂದು ಫೋನ್ ಕರೆಯಲ್ಲಿ ಎರಡು ಡಿಸ್ಕ್ರೆಪೆನ್ಸಿ (ಎಲ್‌ಸಿ ಷರತ್ತಿಗೆ ಹೊಂದದ ತಪ್ಪು) ಹುಟ್ಟಿದವು. ನನಗೆ ಅದು ಗೊತ್ತೇ ಆಗಲಿಲ್ಲ.

ಆ ಹುಡುಗ ಫೋನ್ ಮಾಡಿದ ಗಂಟೆಯಲ್ಲೇ ಪಾರ್ಟಿಗೆ ಎರಡು ಸಾಲು ಮೇಲ್ ಹಾಕಿದ್ದರೆ ಸಾಕಿತ್ತು. ಕೊನೆಯ ದಿನ ಮುಂದಕ್ಕೆ ಹಾಕಿ, ಭಾಗ ಸಾಗಣೆಗೆ ಒಪ್ಪಿಗೆ ಕೊಟ್ಟು ಎಲ್‌ಸಿ ಅಮೆಂಡ್‌ಮೆಂಟ್ ಮಾಡಿಸಿ ಅಂತ. ಆಗ ಅವನಿಗೆ ಮಾಲು ಬೇಕಿತ್ತು, ಒಪ್ಪುತ್ತಿದ್ದ. ನಾನು ಹಾಗೇ ಬಿಟ್ಟೆ. ಕಾಗದ ಬ್ಯಾಂಕಿಗೆ ಹೋಯಿತು. ಪರಿಶೀಲಿಸಲು ಬ್ಯಾಂಕಿಗೆ ಐದು ಕೆಲಸದ ದಿನ ಇರುತ್ತದೆ, ಅಷ್ಟರೊಳಗೆ ಎರಡೂ ತಪ್ಪು ಪಟ್ಟಿ ಮಾಡಿ ಕಳಿಸಿದರು. ಅಷ್ಟೊತ್ತಿಗೆ ಮಾಲು ದಾರಿಯಲ್ಲಿತ್ತು. ಈಗ ಜುಟ್ಟು ಪಾರ್ಟಿ ಕೈಯಲ್ಲಿ. ಮಾರುಕಟ್ಟೆ ಇಳಿದಿದೆ, ರೇಟು ಕಡಿಮೆ ಮಾಡಿದರೆ ತಪ್ಪು ಮನ್ನಾ ಮಾಡುತ್ತೇನೆ, ಇಲ್ಲವಾದರೆ ಮಾಲು ಬೇಡ ಅಂದ. ಪರದೇಶದ ಬಂದರಿನಲ್ಲಿ ಕಂಟೇನರ್ ನಿಂತರೆ ಬಾಡಿಗೆ ಏರುತ್ತಾ ಹೋಗುತ್ತದೆ. ವಾಪಸ್ ತರಿಸುವ ಖರ್ಚಂತೂ ಕೇಳಲೇಬೇಡಿ. ಸಾರ್ ಒಪ್ಪಿಕೊಂಡರು. ಬಿಟ್ಟುಕೊಟ್ಟ ಮೊತ್ತ ನನ್ನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ ಇತ್ತು. ನನ್ನನ್ನು ಯಾರೂ ಬೈಯಲಿಲ್ಲ. ಆ ವರ್ಷ ಇನ್‌ಕ್ರಿಮೆಂಟ್ ಬರಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ವರ್ಷ ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಅವರ ಸಂಬಳ ನನ್ನದರ ಮೂರು ಪಟ್ಟು ಅಂತ ಅಕೌಂಟ್ಸ್‌ನಲ್ಲಿ ಕೇಳಿ ಹೊಟ್ಟೆ ಉರಿಯಿತು. ಬೆಂಗಳೂರಿನವರು, ಇಂಗ್ಲಿಷ್ ಚೆನ್ನಾಗಿದೆ, ಅದಕ್ಕೆ ಕೊಟ್ಟಿದ್ದಾರೆ ಅಂದುಕೊಂಡೆ. ನೀವು ಈಗ ನಿಮ್ಮ ಗೆಳೆಯನ ಬಗ್ಗೆ ಅಂದುಕೊಳ್ಳುತ್ತಿರುವುದೂ ಇದೇ ಅಲ್ವಾ?

ಅವರು ಬಂದ ಮೇಲೆ ಮೊದಲ ಎಲ್‌ಸಿ ಬಂತು. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತರು. 31ಡಿ, 43ಪಿ, 44ಸಿ, 48, ಒಂದೊಂದಕ್ಕೂ ಸುತ್ತು ಹಾಕಿದರು. ಎದ್ದು ಸೀದಾ ಪ್ರೊಡಕ್ಷನ್‌ಗೆ ಹೋಗಿ, "ಈ ತಾರೀಖಿಗೆ ಡ್ರಮ್ ರೆಡಿ ಆಗುತ್ತಾ?" ಅಂತ ಕೇಳಿದರು. ಆಗಲ್ಲ ಅಂದರು. ವಾಪಸ್ ಬಂದು ಪಾರ್ಟಿಗೆ ಮೇಲ್ ಹಾಕಿ ದಿನಾಂಕ ಬದಲಿಸಿಕೊಂಡರು. ಒಂದು ಡ್ರಮ್ಮೂ ಇನ್ನೂ ತುಂಬಿರಲಿಲ್ಲ. ನಾನು ತಿಂಗಳೆಲ್ಲ ಟೈಪ್ ಮಾಡಿ ಕೊಡುತ್ತಿದ್ದದ್ದಕ್ಕಿಂತ ಆ ಅರ್ಧ ಗಂಟೆ ಕಂಪನಿಗೆ ಜಾಸ್ತಿ ಉಳಿಸುತ್ತಿತ್ತು. ಅವರ ಸಂಬಳದ ಗುಟ್ಟು ಅಲ್ಲಿತ್ತು.

ಹಾಗಾಗಿ "ಅದೇ ಕೆಲಸ" ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ರಫ್ತಿನಲ್ಲಿ ಸಂಬಳ ಬದಲಾಗುವುದು ನೀವು ತಪ್ಪಿದರೆ ಎಷ್ಟು ಹಣ ಹೋಗುತ್ತದೆ, ನೀವು ಎಚ್ಚರ ಇದ್ದರೆ ಎಷ್ಟು ಉಳಿಯುತ್ತದೆ ಅನ್ನುವುದರ ಮೇಲೆ. ನಮ್ಮ ಮಿಡಿಸೌತೆಯಲ್ಲಿ ಇದು ಇನ್ನೂ ಬಿಗಿ. 2020-21ರಲ್ಲಿ ದೇಶದಿಂದ ಹೊರಗೆ ಹೋದ ಸೌತೆ, ಮಿಡಿಸೌತೆ ಸೇರಿ 2.23 ಲಕ್ಷ ಟನ್, ಬೆಲೆ 22.3 ಕೋಟಿ ಡಾಲರ್ ಅಂತ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೆಡಾ ಲೆಕ್ಕ. ಭಾಗಿಸಿ ನೋಡಿ, ಕೆ.ಜಿ.ಗೆ ಸರಿಸುಮಾರು ಒಂದು ಡಾಲರ್. ಆ ಒಂದು ಡಾಲರಿನಲ್ಲಿ ರೈತ, ಬೀಜ, ಡ್ರಮ್ಮು, ವಿನೆಗರ್, ಲಾರಿ ಎಲ್ಲರ ಪಾಲೂ ಆಗಬೇಕು. ಔಷಧಿ ಕಳಿಸುವ ಕಂಪನಿಯ ಒಂದು ಕಂಟೇನರಿನ ಬೆಲೆಗೂ ನಮ್ಮದಕ್ಕೂ ಅಜಗಜಾಂತರ. ಅದೇ ಶಿಪ್ಪಿಂಗ್ ಬಿಲ್ ತುಂಬುವವನಿಗೆ ಅಲ್ಲಿ ಸಂಬಳ ಜಾಸ್ತಿ, ಇಲ್ಲಿ ಕಡಿಮೆ. ಮಾಲೀಕರು ಜಿಪುಣರು ಅಂತಲೇ ಇದನ್ನು ತಿಳಿಯಬೇಡಿ, ಮಾಲೇ ಅಂಥದ್ದು.

ಒಂದೇ ಫ್ಯಾಕ್ಟರಿಯ ಒಳಗೂ ಹೀಗೇ. ಫೀಲ್ಡ್ ಸೂಪರ್‌ವೈಸರ್ ಬೈಕಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾನೆ, ಬಿಸಿಲು ಮಳೆ ಅನ್ನದೆ. ಅವನಿಗೆ ಸಿಗುವುದು ಕಡಿಮೆ, ಅದು ನನ್ನ ಪ್ರಕಾರ ಅನ್ಯಾಯ. ಯಾವ ರೈತ ಯಾವ ಔಷಧಿ ಹೊಡೆದ ಅಂತ ಗೊತ್ತಿರುವುದು ಅವನೊಬ್ಬನಿಗೆ. ಅವನು ಬರೆದಿಡದಿದ್ದರೆ ಕೀಟನಾಶಕದ ಅಂಶ ಮಿತಿ ಮೀರಿ ಇಡೀ ಲಾಟ್ ಹೊರದೇಶದಲ್ಲಿ ತಿರಸ್ಕಾರ ಆಗಬಹುದು. ಕ್ವಾಲಿಟಿಯವರಿಗೆ ಅವನಿಗಿಂತ ಚೂರು ಜಾಸ್ತಿ. ಮಾರ್ಕೆಟಿಂಗ್‌ನಲ್ಲಿ ಪಾರ್ಟಿ ಹಿಡಿದು ತರುವವರಿಗೆ ಎಲ್ಲರಿಗಿಂತ ಜಾಸ್ತಿ, ಅದರಲ್ಲಿ ಒಂದು ಭಾಗ ಕಮಿಷನ್.

ಡಾಕ್ಯುಮೆಂಟೇಷನ್‌ನಲ್ಲೂ ಹಣ ಇರುವ ಜಾಗ ಇದೆ, ನೀವು ಕೈ ಹಾಕಬೇಕು ಅಷ್ಟೇ. ಒಂದು ಉದಾಹರಣೆ ಕೊಡುತ್ತೇನೆ. ಉಪ್ಪುನೀರಿನಲ್ಲಿ ತಾತ್ಕಾಲಿಕವಾಗಿ ಕೆಡದಂತೆ ಇಟ್ಟ ಮಿಡಿಸೌತೆ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಮಾಲನ್ನು ವಿಂಗಡಿಸುವ ನಂಬರ್) 0711ರಲ್ಲಿ ಬರುತ್ತದೆ. ವಿನೆಗರ್ ಅಥವಾ ಅಸಿಟಿಕ್ ಆಸಿಡ್‌ನಲ್ಲಿ ಹಾಕಿದ್ದಕ್ಕೆ 2001. ನೋಡಲು ಎರಡೂ ಅದೇ ಡ್ರಮ್ಮು. ಕೋಡ್ ತಪ್ಪಾದರೆ ಆ ಕಡೆ ಸುಂಕದ ಲೆಕ್ಕ ತಪ್ಪುತ್ತದೆ, ಈ ಕಡೆ ರೊಡ್‌ಟೆಪ್ (ರಫ್ತು ಮಾಲಿನ ಮೇಲೆ ಬಿದ್ದ ತೆರಿಗೆ ವಾಪಸ್ ಕೊಡುವ ಸರ್ಕಾರದ ಯೋಜನೆ) ಲೆಕ್ಕ ತಪ್ಪುತ್ತದೆ. 2021ರ ಜನವರಿಯಿಂದ ಜಾರಿಗೆ ಬಂದ ಈ ರೊಡ್‌ಟೆಪ್ ಬೇಕು ಅಂತ ಶಿಪ್ಪಿಂಗ್ ಬಿಲ್‌ನಲ್ಲೇ ಐಟಂವಾರು ಹೇಳಬೇಕು. ಚೆಕ್‌ಲಿಸ್ಟ್ ಬಂದಾಗ ಸುಮ್ನೆ "ಓಕೆ" ಅಂತ ಮೇಲ್ ಹಾಕುವವನು 19 ಸಾವಿರದವನು. ಆ ಸಾಲು ಹುಡುಕಿ ನೋಡಿ ಓಕೆ ಅನ್ನುವವನಿಗೆ ಜಾಸ್ತಿ ಕೊಡಲು ಸಾರ್ ಕೈಯಲ್ಲಿ ಕಾರಣ ಇರುತ್ತದೆ.

ಈಗ ನಿಮ್ಮ ಗೆಳೆಯನ 27 ಸಾವಿರ. ಫಾರ್ವರ್ಡಿಂಗ್ ಕಂಪನಿಯಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಒಂದೇ ತುಂಡು ಕೆಲಸ ಕೊಡುತ್ತಾರೆ. ಒಬ್ಬ ಬಿಎಲ್ ಡ್ರಾಫ್ಟ್, ಒಬ್ಬ ಬುಕಿಂಗ್, ಒಬ್ಬ ಬಿಲ್ಲಿಂಗ್. ನನ್ನ ಗೆಳೆಯ ವರ್ಷಗಟ್ಟಲೆ ಬಿಎಲ್ ಡ್ರಾಫ್ಟ್ ಒಂದನ್ನೇ ಮಾಡಿದ. ಎಲ್‌ಸಿ ಕಣ್ಣಿಗೂ ಬೀಳಲಿಲ್ಲ, ಮಾಲು ಹೇಗಿರುತ್ತದೆ ಅಂತಲೂ ನೋಡಲಿಲ್ಲ. ತುಮಕೂರಿನಿಂದಲೇ ರೈಲಲ್ಲಿ ಓಡಾಡುತ್ತಿದ್ದ, ಆಮೇಲೆ ಪಿಜಿ ಹಿಡಿದ. ಜಾಸ್ತಿ ಬಂದದ್ದು ಬಾಡಿಗೆಗೆ, ಊಟಕ್ಕೆ ಹೋಯಿತು. ನಾನು ಮೇಡಂ ಪಕ್ಕ ಕೂತು ಎಲ್‌ಸಿ ಓದುವುದು ಕಲಿತೆ, ಬ್ಯಾಂಕಿನ ಜೊತೆ ಮಾತಾಡುವುದು ಕಲಿತೆ. ಅವರು ಬಿಟ್ಟು ಹೋದಾಗ ಸಾರ್ ಹೊರಗಿನವರನ್ನು ತರಲಿಲ್ಲ, ನನ್ನನ್ನೇ ಕೂರಿಸಿದರು. ಸಂಬಳ ಒಂದೇ ಸಲಕ್ಕೆ ದುಪ್ಪಟ್ಟಾಯಿತು. ಆ ಹೊತ್ತಿಗೆ ಗೆಳೆಯ ನನಗಿಂತ ಹಿಂದಿದ್ದ.

ಬೆಂಗಳೂರು ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಕಸ್ಟಮ್ಸ್ ಬ್ರೋಕರ್ (ಮೇಲೆ ಹೇಳಿದ ಸಿಎಚ್‌ಎ) ಹತ್ತಿರ ಹೋಗಿ ಜಿ ಕಾರ್ಡ್ (ಕಸ್ಟಮ್ಸ್ ಪರೀಕ್ಷೆ ಪಾಸಾದ ನೌಕರರ ಗುರುತಿನ ಚೀಟಿ) ಮಾಡಿಸಿಕೊಳ್ಳುವ ದಾರಿ ಇದ್ದರೆ ಖಂಡಿತ ಹೋಗಿ. ಪಿಯುಸಿ ಆದವರೂ ಬ್ರೋಕರ್ ಹತ್ತಿರ ಕೆಲಸಕ್ಕೆ ಸೇರಿ ಆ ಪರೀಕ್ಷೆ ಬರೆಯಬಹುದು. ಪಾಸಾದರೆ ಕಸ್ಟಮ್ಸ್ ಕಾಗದದ ಮೇಲೆ ಬ್ರೋಕರ್ ಪರವಾಗಿ ನಿಮ್ಮ ಸಹಿ ನಡೆಯುತ್ತದೆ. ನಿಮ್ಮ ಥರ ಡಿಗ್ರಿ ಇದ್ದವರು ಜಿ ಕಾರ್ಡ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಬ್ರೋಕರ್ ಲೈಸೆನ್ಸಿನ ಪರೀಕ್ಷೆಗೂ ಕೂರಬಹುದು. ಎಚ್ ಕಾರ್ಡ್‌ನಲ್ಲೇ (ಪರೀಕ್ಷೆ ಪಾಸಾಗದ ಸಹಾಯಕರಿಗೆ ಕೊಡುವುದು) ಇಟ್ಟು ಓಡಾಡಿಸುವ ಕಡೆ ಮಾತ್ರ ಜಾಸ್ತಿ ದಿನ ಇರಬೇಡಿ.

ಡಿಪ್ಲೊಮಾ ಬಗ್ಗೆ ಹೇಳುವುದಾದರೆ ಈಗ ದುಡ್ಡು ಕಟ್ಟಬೇಡಿ. ಕೆಲಸವೇ ಇಲ್ಲದವರಿಗೆ ಅದು ಒಳಗೆ ಬರಲು ಬಾಗಿಲು, ನೀವು ಆಗಲೇ ಒಳಗಿದ್ದೀರಿ. ರಫ್ತಿನ ಬಗ್ಗೆ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ತರಬೇತಿಗಳನ್ನು ನಡೆಸುತ್ತದೆ, ರಜೆ ಹಾಕಿ ಹೋಗಿ ಬನ್ನಿ. ಅದಕ್ಕೂ ಮುಂಚೆ ನಿಮ್ಮ ಆಫೀಸಿನ ಬೀರುವಿನಲ್ಲಿರುವ ಹಳೆ ಎಲ್‌ಸಿ ಫೈಲ್ ಕೇಳಿ ತೆಗೆಸಿ. ಬ್ಯಾಂಕಿನವರು ತಪ್ಪು ಹಿಡಿದು ಕಳಿಸಿದ ಕಾಗದ ಅದರಲ್ಲಿ ಇರುತ್ತದೆ. ಅದನ್ನು ಒಂದು ಕಡೆ, ಬಿಎಲ್ ಇನ್ನೊಂದು ಕಡೆ ಇಟ್ಟುಕೊಂಡು ಎಲ್ಲಿ ಎಡವಿದರು ಅಂತ ಹುಡುಕಿ.

27 ಸಾವಿರದ ಇಂಟರ್ವ್ಯೂಗೆ ಹೋದರೆ ಎರಡು ಮಾತು ಕೇಳಿ. ಎಲ್‌ಸಿ ಕಾಪಿ ನನ್ನ ಮೇಜಿಗೆ ಬರುತ್ತಾ? ಜಿ ಕಾರ್ಡ್ ಪರೀಕ್ಷೆಗೆ ಕಳಿಸ್ತೀರಾ? ಎರಡಕ್ಕೂ ಇಲ್ಲ ಅಂದರೆ ತುಮಕೂರಲ್ಲೇ ಇರಿ. ಒಂದಕ್ಕಾದರೂ ಹೌದು ಅಂದರೆ ಸೇರಿಕೊಳ್ಳಿ. ಆದರೆ ನೋಟಿಸ್ ಅವಧಿ ಮುಗಿಸಿಯೇ ಬಿಡಿ. ಅನುಭವದ ಪತ್ರದಲ್ಲಿ "ಡಾಕ್ಯುಮೆಂಟೇಷನ್" ಅಂತ ಒಂದೇ ಪದ ಬರೆಸಿಕೊಂಡು ಬರಬೇಡಿ, ಶಿಪ್ಪಿಂಗ್ ಬಿಲ್, ಬಿಎಲ್, ಬ್ಯಾಂಕ್ ಕಾಗದ, ನೀವು ನೋಡಿಕೊಂಡದ್ದೆಲ್ಲ ಒಂದೊಂದಾಗಿ ಬರೆಸಿಕೊಳ್ಳಿ.