ಕೋಟೆ ಉಳಿಯಿತು, ಅಂಬಿಗನ ಕಥೆಯೇನು?

ಮಾನ್ಯರೇ,

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದ ಹಳೆಯ ಬಂದರು ಗ್ರ್ಯಾಂಡ್ ಹಾರ್ಬರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಎರಡು ತಕರಾರು ಎತ್ತಿದ್ದೀರಿ. ಒಂದು, ಕೋಟೆ, ಫಿರಂಗಿಗಳ ಭರಾಟೆಯಲ್ಲಿ ಬಂದರಿನಲ್ಲಿ ದುಡಿದ ಜನ ಕಾಣಲೇ ಇಲ್ಲ. ಎರಡು, ಪ್ರವಾಸಿಗರು ಕಾಲಿಟ್ಟ ಮೇಲೆ ಹಳೆಯ ಬಂದರು ಬರೀ ನಾಟಕದ ಪರದೆ. ಮೊದಲನೆಯದರ ಬಗ್ಗೆ ಮಾತನಾಡಲು ನನಗೂ ಆಸೆ. ಎರಡನೆಯದನ್ನು ಪೂರ್ತಿ ಒಪ್ಪಲಾರೆ.

ಯಾರೂ ಮುಟ್ಟದಿದ್ದರೂ ಕಲ್ಲು ನಿಲ್ಲುತ್ತದೆ. 1565ರಲ್ಲಿ ಒಟ್ಟೋಮನ್ ತುರ್ಕರು ಮಾಲ್ಟಾಕ್ಕೆ ಹಾಕಿದ ಮಹಾಮುತ್ತಿಗೆ ಮುಗಿದ ಮರುವರ್ಷ ಅಡಿಗಲ್ಲು ಬಿದ್ದ ರಾಜಧಾನಿ ವಲೆಟ್ಟಾ, 1980ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತು. ಮರದ ದೋಣಿಯ ಹಣೆಬರಹ ಬೇರೆ. ಬಿಸಿಲಲ್ಲಿ ಬಿಟ್ಟರೆ ಹಲಗೆ ಒಣಗಿ ಸಂದುಗಳು ಬಾಯಿ ಬಿಡುತ್ತವೆ. ಅದನ್ನು ಇಳಿಸುವವನು, ಬಣ್ಣ ಬಳಿಯುವವನು, ಬಾಡಿಗೆಗೆ ಹತ್ತುವವನು ಎಲ್ಲರೂ ಇದ್ದರಷ್ಟೇ ಅದು ಉಳಿದೀತು.

ಆ ಬಂದರಿನ ಬಾಡಿಗೆ ದೋಣಿಗೆ ದಾಯ್ಸಾ ಎನ್ನುತ್ತಾರೆ. ಎರಡೂ ತುದಿ ನೆಟ್ಟಗೆ ಎದ್ದಿರುವ ಸಣ್ಣ ದೋಣಿ. ಅಂಬಿಗ ನಿಂತುಕೊಂಡು, ಹೋಗುವ ದಿಕ್ಕಿಗೇ ಮುಖ ಮಾಡಿ ಹುಟ್ಟು ಹಾಕುತ್ತಾನೆ. ಬ್ರಿಟಿಷ್ ನೌಕಾಪಡೆಯ ಹಡಗುಗಳು ನೀರಿನ ನಡುವೆ ಲಂಗರು ಹಾಕುತ್ತಿದ್ದ ಕಾಲದಲ್ಲಿ, ನಾವಿಕ ದಡ ಮುಟ್ಟಬೇಕಾದರೆ ಹೆಚ್ಚಾಗಿ ಈ ದೋಣಿಯೇ ಗತಿ. ಬಿರ್ಗು, ಸೆಂಗ್ಲಿಯಾ, ಕೋಸ್ಪಿಕುವಾ ಎಂಬ, ವಲೆಟ್ಟಾದ ಎದುರು ದಡದ ಮೂರು ಊರುಗಳಲ್ಲಿ ಎಷ್ಟೋ ಮನೆಗಳ ಒಲೆ ಹಡಗುದುರಸ್ತಿ ಕಟ್ಟೆಯ ಕೂಲಿಯಿಂದಲೂ ಈ ಬಾಡಿಗೆಯಿಂದಲೂ ಉರಿಯುತ್ತಿತ್ತು. 1979ರ ಮಾರ್ಚ್ 31ರಂದು ಬ್ರಿಟಿಷ್ ಸೇನೆ ಕೊನೆಯದಾಗಿ ಹೊರಟಿತು. ದೇಶಕ್ಕೆ ಅದು ಬಿಡುಗಡೆಯ ಹಬ್ಬ. ಅಂಬಿಗನಿಗೆ ಮಾತ್ರ ಗಿರಾಕಿ ಹೋದ ದಿನ. ಇಂದಿನ ಪ್ರವಾಸಿ ಹಡಗುಗಳು ನೇರವಾಗಿ ದಕ್ಕೆಗೇ ಒರಗುತ್ತವೆ.

ತಮಾಷೆಯೆಂದರೆ, ಅದೇ ಮಾರ್ಚ್ 31ರಂದು ಪ್ರತಿವರ್ಷ ಇದೇ ನೀರಿನಲ್ಲಿ ದೋಣಿ ಪಂದ್ಯ ನಡೆಯುತ್ತದೆ. ಮುತ್ತಿಗೆ ಮುಗಿದ ನೆನಪಿಗೆ ಸೆಪ್ಟೆಂಬರ್ 8ರಂದು ಇನ್ನೊಂದು. ಊರೂರಿಗೂ ಒಂದೊಂದು ಕ್ಲಬ್, ತಮ್ಮದೇ ಬಣ್ಣ, ಪಕ್ಕದ ಊರಿನ ಮೇಲೆ ಒಂದಿಷ್ಟು ಹಳೆಯ ಜಿದ್ದು. ದಾಯ್ಸಾ ಕಟ್ಟುವ ಕೈಗಳನ್ನು ಕಾಪಾಡುವಲ್ಲಿ ವಸ್ತುಸಂಗ್ರಹಾಲಯಕ್ಕಿಂತ ಈ ಜಿದ್ದಿನ ಮೇಲೆಯೇ ನನಗೆ ಹೆಚ್ಚು ಭರವಸೆ. ಗೆಲ್ಲಬೇಕೆಂದರೆ ಒಳ್ಳೆಯ ದೋಣಿ ಬೇಕು, ಅದನ್ನು ಕೆತ್ತಲು ಬಡಗಿ ಬೇಕು.

ಇನ್ನು ಪ್ರವಾಸಿಗರ ವಿಷಯ. ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲ್ ನೋಡಿ. 2004ರಲ್ಲಿ ಸಿಕ್ಕ ಯುನೆಸ್ಕೊ ಮನ್ನಣೆಯನ್ನು ಅದು 2021ರಲ್ಲಿ ಕಳೆದುಕೊಂಡಿತು. ಅಲ್ಲಿ ಗದ್ದಲ ಪ್ರವಾಸಿಗರದ್ದಲ್ಲ, ದಂಡೆಯ ಮೇಲಿನ ಹೊಸ ಕಟ್ಟಡಗಳದ್ದು. ಕೆಲಸ ಅದಕ್ಕೂ ಮೊದಲೇ ಹೋಗಿತ್ತು: ಸರಕು ತುಂಬುವ ದೊಡ್ಡ ಪೆಟ್ಟಿಗೆ, ಅಂದರೆ ಕಂಟೇನರ್ ಬಂತು, ದೊಡ್ಡ ಹಡಗುಗಳು ಊರಿನ ಉತ್ತರಕ್ಕಿರುವ ಸೀಫೋರ್ತ್‌ನ ಹೊಸ ಹಡಗುಕಟ್ಟೆಗೆ ಹೋದವು, ದಕ್ಷಿಣದ ಹಳೆಯ ಹಡಗುಕಟ್ಟೆಗಳು 1972ರಲ್ಲಿ ಮುಚ್ಚಿದವು. ಬಂದರು ಖಾಲಿಯಾದ ಮೇಲೆ ಬಂದವನು ಪ್ರವಾಸಿ.

ಮಾಲ್ಟಾಕ್ಕೆ ಮರಳಿದರೆ, ವಲೆಟ್ಟಾ ಮತ್ತು ಆ ಮೂರು ಊರುಗಳ ನಡುವೆ ಓಡುವ ಫೆರಿ ದೋಣಿಯಲ್ಲಿ ಕ್ಯಾಮೆರಾ ಹಿಡಿದವರೂ ಕಚೇರಿಗೆ ಹೊರಟವರೂ ಒಟ್ಟಿಗೆ ಕೂರುತ್ತಾರೆ. ಇಬ್ಬರ ದುಡ್ಡೂ ಸೇರಿದರೆ ಆ ಸಂಚಾರಕ್ಕೆ ಒಳ್ಳೆಯದೇ. ನನ್ನ ಚಿಂತೆ ಬೇರೆ ಕಡೆಯದು: ನೀರಂಚಿನ ಮಳಿಗೆಗೆ ಹೋಟೆಲಿನವರು ಕೊಡುವ ಬಾಡಿಗೆಯನ್ನು ದೋಣಿ ಬಡಗಿ ಕೊಡಲಾರ. ಅವನು ಹೋದರೆ ಮುಂದಿನ ಪಂದ್ಯಕ್ಕೆ ದೋಣಿ ರಿಪೇರಿ ಮಾಡುವವರು ಯಾರು? ಈ ಪ್ರಶ್ನೆಯನ್ನು ಲೇಖಕರಿಗೂ ಕಳಿಸಿದ್ದೇನೆ.

— ಸಂಪಾದಕ