ರೊನೋಕ್ ರ‍್ಯಾಪಿಡ್ಸ್: ಚುನಾವಣೆ ಗೆದ್ದ ಯೂನಿಯನ್‌ಗೆ ಒಪ್ಪಂದ ಸಿಗಲು ಆರು ವರ್ಷ ಯಾಕೆ ಹಿಡಿಯಿತು?

ಅಮೆರಿಕದ ಕಾನೂನು ಮಾಲೀಕರನ್ನು ಮಾತುಕತೆಗೆ ಕೂರಿಸುತ್ತದೆ, ಸಹಿ ಹಾಕಿಸುವುದಿಲ್ಲ. ಇಡೀ ತೊಡಕು ಇರುವುದು ಅಲ್ಲೇ.

ಕ್ರಮ ಹೀಗೆ: ಕನಿಷ್ಠ 30% ಕಾರ್ಮಿಕರು ಯೂನಿಯನ್ ಬೇಕೆಂಬ ಕಾರ್ಡಿಗೆ ಸಹಿ ಹಾಕಿದರೆ, ಚುನಾವಣೆ ನಡೆಸಿ ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಅರ್ಜಿ ಕೊಡಬಹುದು. ಆದರೆ ಅಷ್ಟಕ್ಕೇ ಅರ್ಜಿ ಹಾಕುವುದು ದುಡುಕು. ಮಾಲೀಕರ ಪ್ರಚಾರ ಶುರುವಾದೊಡನೆ ಬೆಂಬಲ ಕರಗುತ್ತದೆ. ನಂತರ ಗುಪ್ತ ಮತದಾನ, ಚಲಾಯಿಸಿದ ಮತಗಳಲ್ಲಿ ಬಹುಮತ ಬೇಕು.

ಉತ್ತರ ಕ್ಯಾರೊಲಿನಾದ ಈ ಊರಿನ ಜೆ.ಪಿ. ಸ್ಟೀವನ್ಸ್ ಕಂಪನಿಯ ಬಟ್ಟೆ ಗಿರಣಿಗಳಲ್ಲಿ 1974ರ ಆಗಸ್ಟ್‌ನಲ್ಲಿ ಯೂನಿಯನ್ 1,685–1,448ರಿಂದ ಗೆದ್ದಿತು. ಆಮೇಲೆ ಮಾತುಕತೆ ಎರಡು ಅಂಶಗಳಲ್ಲಿ ಸಿಕ್ಕಿಬಿತ್ತು: ಸಂಬಳದಲ್ಲೇ ಯೂನಿಯನ್ ಚಂದಾ ಮುರಿದುಕೊಳ್ಳುವುದು ಮತ್ತು ತಕರಾರುಗಳನ್ನು ಮೂರನೆಯವರ ತೀರ್ಪಿಗೆ ಬಿಡುವುದು. ಅಲ್ಲಿನ ರಾಜ್ಯ ಕಾನೂನಿನಲ್ಲಿ ಸದಸ್ಯತ್ವ ಕಡ್ಡಾಯ ಮಾಡುವಂತಿಲ್ಲ. ಹಾಗಾಗಿ ಚಂದಾ ಕಡಿತವಿಲ್ಲದಿದ್ದರೆ ಪ್ರತಿನಿಧಿಗಳು ಒಬ್ಬೊಬ್ಬರ ಹತ್ತಿರವೂ ಕೈಯೊಡ್ಡಬೇಕು.

ಕಾನೂನು ಮುರಿದರೂ ದಂಡವಿಲ್ಲ. ಅಕ್ರಮವಾಗಿ ತೆಗೆದವರನ್ನು ವಾಪಸ್ ಸೇರಿಸಿ ಬಾಕಿ ಸಂಬಳ ಕೊಟ್ಟರಾಯಿತು, ಅದರಲ್ಲೂ ಅವರು ಈ ನಡುವೆ ಬೇರೆಡೆ ದುಡಿದದ್ದನ್ನು ಕಳೆಯಬಹುದು. ಕಂಪನಿಗೆ ಇದು ಯೂನಿಯನ್‌ಗಿಂತ ಅಗ್ಗ!

ಕೊನೆಗೆ ಕೆಲಸ ಮಾಡಿದ್ದು ಹೊರಗಿನ ಒತ್ತಡ. 1976ರಿಂದ ಸ್ಟೀವನ್ಸ್ ಹಾಸಿಗೆ ಬಟ್ಟೆ, ಟವೆಲ್‌ಗಳ ಬಹಿಷ್ಕಾರ. ಜೊತೆಗೆ ಕಂಪನಿಯ ನಿರ್ದೇಶಕರು ಆಡಳಿತ ಮಂಡಳಿಯಲ್ಲಿ ಕೂತಿದ್ದ ಬ್ಯಾಂಕು, ವಿಮಾ ಕಂಪನಿಗಳ ಮೇಲೆ ನೇರ ಅಭಿಯಾನ. 1980ರ ಅಕ್ಟೋಬರ್‌ನಲ್ಲಿ ಆದ ಒಪ್ಪಂದದಲ್ಲಿ ಆ ಎರಡೂ ಅಂಶಗಳಿದ್ದವು.